ತಲೆದೆಸೆಯಲ್ಲಿ ನಿಂತವಳು

2025ರ ಮಾರ್ಚ್ 11, ಮಂಗಳವಾರ, ಬೆಳಿಗ್ಗೆ 9 ಗಂಟೆ 40 ನಿಮಿಷ. ತೀವ್ರ ನಿಗಾ ಘಟಕದ ನಾಲ್ಕನೆಯ ಹಾಸಿಗೆಯಲ್ಲಿದ್ದ ದರ್ಜಿ ಉಸಿರಾಡಿ ಉಸಿರಾಡಿ ಸೋತಿದ್ದ. ಎರಡೂ ಶ್ವಾಸಕೋಶಗಳಲ್ಲಿ ನ್ಯುಮೋನಿಯಾ. ಮುಖಕ್ಕೆ ಬಿಗಿದ ಮಾಸ್ಕಿನಿಂದ ಇನ್ನು ಹೆಚ್ಚು ಹೊತ್ತು ನಡೆಯುವಂತಿರಲಿಲ್ಲ. ಗಂಟಲಿಗೆ ಟ್ಯೂಬ್ ಇಳಿಸಿ ವೆಂಟಿಲೇಟರಿಗೆ ಜೋಡಿಸಬೇಕಿತ್ತು.

“ಗುಬ್ಬಿ, ನೀನು ಹೊರಗೆ ಹೋಗಿ ಮನೆಯವರ ಹತ್ರ ಮಾತಾಡಮ್ಮ,” ಎಂದರು ವಿಭಾಗದ ಮುಖ್ಯಸ್ಥರು, ಕೈಗವಸು ತೊಡುತ್ತಾ. “ಹೆಣ್ಮಕ್ಕಳು ಹೇಳಿದ್ರೆ ಜನ ಸ್ವಲ್ಪ ಕಡಿಮೆ ಅಳ್ತಾರೆ.”

ಗುಬ್ಬಿ ಎಂದರೆ ಎರಡನೆಯ ವರ್ಷದ ತರಬೇತಿ ವೈದ್ಯೆ. ಐದಡಿಗೆ ಒಂದಂಗುಲ ಕಡಿಮೆ. ಆ ಹೆಸರಿಟ್ಟವರು ಮುಖ್ಯಸ್ಥರೇ. ಹಿಂದಿನ ತಿಂಗಳು ಅವಳಿಗೆ ಎರಡು ಸಲ ಟ್ಯೂಬ್ ಹಾಕಲು ಬಿಟ್ಟಿದ್ದರು, ಎರಡು ಸಲವೂ ಆಗಿರಲಿಲ್ಲ. ಕೈಯಲ್ಲಿ ಕಸುವು ಸಾಲದ್ದರಿಂದ ಅವಳನ್ನು ಹೊರರೋಗಿ ವಿಭಾಗಕ್ಕೆ ಕಳಿಸತಕ್ಕದ್ದು ಎಂಬ ಕಾಗದ ಸಿದ್ಧವಾಗಿತ್ತು. ಹನ್ನೆರಡು ಗಂಟೆಗೆ ಅದಕ್ಕೆ ಇಬ್ಬರ ಸಹಿ ಬೀಳಬೇಕಿತ್ತು: ಮುಖ್ಯಸ್ಥರದು, ಮತ್ತು ಎರಡು ವಾರದ ಹಿಂದಷ್ಟೇ ಇಲ್ಲಿಗೆ ಬಂದ ಹಿರಿಯ ವೈದ್ಯೆಯದು.

ಆ ಹಿರಿಯ ವೈದ್ಯೆ ಮಾನಿಟರ್ ನೋಡಿದರು. ರಕ್ತದ ಆಮ್ಲಜನಕ ತೊಂಬತ್ತಾರು.

“ಟ್ಯೂಬ್ ಇವಳು ಹಾಕ್ತಾಳೆ ಸಾರ್. ಒಂದೇ ಪ್ರಯತ್ನ. ತೊಂಬತ್ತಕ್ಕೆ ಇಳಿದ್ರೆ ನಾನು ತಗೋತೀನಿ.”

“ಮೇಡಂ, ಇದು ಪರೀಕ್ಷೆ ಹಾಲ್ ಅಲ್ಲ.”

“ಅಲ್ಲ. ಆದ್ರೆ ಒಂದು ಪಕ್ಕ ನೀವಿದ್ದೀರಿ, ಇನ್ನೊಂದು ಪಕ್ಕ ನಾನಿದ್ದೀನಿ. ಇದಕ್ಕಿಂತ ಭದ್ರವಾದ ಗಳಿಗೆ ಇವಳಿಗೆ ಯಾವಾಗ ಸಿಗುತ್ತೆ? ಬಾರಮ್ಮ, ತಲೆದೆಸೆಗೆ ನಿಂತ್ಕೊ.”

ಅವಳು ಬಂದು ನಿಂತಳು. ನಾಲಿಗೆಯನ್ನೆತ್ತಿ ಗಂಟಲು ತೋರಿಸುವ ಲ್ಯಾರಿಂಗೋಸ್ಕೋಪನ್ನು ಎಡಗೈಗೆ ತೆಗೆದುಕೊಂಡಳು. ರೋಗಿಯ ಮುಖ ಅವಳ ಭುಜದ ಮಟ್ಟಕ್ಕಿತ್ತು. ಮೊಣಕೈ ಕಿವಿಯ ತನಕ ಏರಿತು.

“ಸಿಸ್ಟರ್, ಗುಬ್ಬಿಗೊಂದು ಸ್ಟೂಲ್ ತಂದ್ಕೊಡಿ,” ಮುಖ್ಯಸ್ಥರು ನಕ್ಕರು.

“ಸ್ಟೂಲ್ ಬೇಡ. ಈ ಹಾಸಿಗೇನ ಇಷ್ಟೆತ್ತರಕ್ಕೆ ಏರಿಸಿದ್ದು ಯಾರಿಗೋಸ್ಕರ?”

“ಯಾವಾಗ್ಲೂ ಇಷ್ಟೇ ಇರುತ್ತೆ ಮೇಡಂ,” ಎಂದರು ಸಿರಿಂಜಿಗೆ ಔಷಧ ಎಳೆಯುತ್ತಿದ್ದ ಸಿಸ್ಟರ್. “ಸಾರು ಆರಡಿ ಮೇಲಿದ್ದಾರಲ್ಲ, ಅವರಿಗೆ ಸರಿಹೋಗ್ಬೇಕಲ್ಲ.”

“ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ,” ಎಂದರು ಮುಖ್ಯಸ್ಥರು.

“ಆ ಗಾದೆ ಕಟ್ಟಿದೋನು ಕುಣಿದಿದ್ದನ್ನ ಯಾರಾದ್ರೂ ನೋಡಿದ್ದಾರಾ ಸಾರ್?”

ಸಿಸ್ಟರ್ ಕೆಮ್ಮಿನಲ್ಲಿ ನಗು ಮುಚ್ಚಿಕೊಂಡರು. ಹಿರಿಯ ವೈದ್ಯೆ ಬಗ್ಗಿ ಗುಂಡಿ ಒತ್ತಿದರು. ಹಾಸಿಗೆ ಗುಂಯ್ ಎನ್ನುತ್ತಾ ಇಳಿಯತೊಡಗಿತು.

“ಹನ್ನೊಂದು ವರ್ಷ ನಾನೂ ತುದಿಗಾಲಲ್ಲಿ ನಿಂತೇ ಹಾಕಿದ್ದು,” ಎಂದರು ಅವಳಿಗೆ, ತಗ್ಗಿದ ದನಿಯಲ್ಲಿ. “ಹೇಳಿಕೊಡೋರು ಒಬ್ರೂ ಇರ್ಲಿಲ್ಲ. ಒಂದಿನ ಹಾಸಿಗೆ ಮೋಟಾರು ಕೆಟ್ಟು ಅದು ಕೆಳಗೇ ಉಳಿದುಬಿಡ್ತು. ಅವತ್ತು ಗೊತ್ತಾಯ್ತು, ನನ್ನ ಕೈಗೆ ಏನೂ ದಾಡಿ ಇಲ್ಲ ಅಂತ. ನಿನಗೆ ಯಾಕೆ ಹನ್ನೊಂದು ವರ್ಷ? ಹೇಳು, ಸಾಕಾ?”

“ಸಾಕು ಮೇಡಂ.”

“ಸುಳ್ಳು. ಸಂಕೋಚ ಬಿಟ್ಟು ಕೇಳು.”

“ಇನ್ನೊಂದು ಗೇಣು ಇಳಿಸಿ.”

ಔಷಧ ನರಕ್ಕೆ ಹೋಯಿತು. ದರ್ಜಿಯ ಮೈ ಸಡಿಲವಾಯಿತು. ಮಾಸ್ಕ್ ತೆಗೆದರು. ಅವಳು ಲ್ಯಾರಿಂಗೋಸ್ಕೋಪಿನ ಅಲಗನ್ನು ನಾಲಿಗೆಯ ಬಲಬದಿಯಿಂದ ಇಳಿಸಿದಳು. ಈಗ ಮೊಣಕೈ ಪಕ್ಕೆಗೆ ಅಂಟಿಕೊಂಡಿತ್ತು, ಎತ್ತುವ ಬಲ ಭುಜದಿಂದ ಬರುತ್ತಿತ್ತು. ತೊಂಬತ್ತೈದು. ಕಂಡದ್ದು ಬರೀ ಎಂಜಲು. ತೊಂಬತ್ತನಾಲ್ಕು.

“ಕೊಡಿಲ್ಲಿ,” ಮುಖ್ಯಸ್ಥರ ಕೈ ಮುಂದೆ ಬಂತು.

ಹಿರಿಯ ವೈದ್ಯೆ ಆ ಕೈಯನ್ನು ತಡೆಯಲಿಲ್ಲ. ತಮ್ಮೆರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಅವರಿಗೂ ಹಾಸಿಗೆಗೂ ನಡುವೆ ಬಂದು ನಿಂತರು. “ಇನ್ನೂ ತೊಂಬತ್ತಮೂರು ಇದೆ ಸಾರ್. ನಾನು ಹೇಳಿದ್ದು ತೊಂಬತ್ತು.”

“ಸಕ್ಷನ್,” ಎಂದಳು ಅವಳು.

ಸಿಸ್ಟರ್ ಕೊಟ್ಟ ಕೊಳವೆ ಎಂಜಲನ್ನು ಹೀರಿತು. ಆಳದಲ್ಲಿ ಎರಡು ಬಿಳಿ ಎಳೆಗಳು, ನಡುವೆ ಶ್ವಾಸನಾಳದ ಕಪ್ಪು ಬಾಗಿಲು.

“ಕಾಣಿಸ್ತಿದೆ. ಟ್ಯೂಬ್ ಕೊಡಿ.”

ಟ್ಯೂಬ್ ಆ ಬಾಗಿಲು ದಾಟಿತು. ಮಾನಿಟರಿನ ಮೇಲೆ ಹೊರಬಿಟ್ಟ ಉಸಿರಿನ ಗೆರೆ ಒಂದು ದಿಬ್ಬವಾಗಿ ಎದ್ದಿತು, ಅದರ ಹಿಂದೆ ಇನ್ನೊಂದು, ಮತ್ತೊಂದು. ದರ್ಜಿಯ ಎದೆ ಎರಡೂ ಕಡೆ ಸಮನಾಗಿ ಏರಿಳಿಯಿತು.

ಮುಖ್ಯಸ್ಥರು ಕೈಗವಸು ಕಿತ್ತರು. “ಒಂದ್ಸಲ ಆಯ್ತು ಅಂದಮಾತ್ರಕ್ಕೆ…”

“ಎರಡು ಸಲ ಆಗ್ಲಿಲ್ಲ ಅಂದಮಾತ್ರಕ್ಕೆ ನೀವು ಕಾಗದಾನೇ ಬರೆದುಬಿಟ್ರಲ್ಲ ಸಾರ್. ಅದಕ್ಕೆ ನನ್ನ ಸಹಿ ಇಲ್ಲ. ಹನ್ನೆರಡಕ್ಕೂ ಇಲ್ಲ, ಯಾವತ್ತಿಗೂ ಇಲ್ಲ.”

ಅಷ್ಟರಲ್ಲಿ ಅವಳು ಟೇಪು ಹಿಡಿದು ರೋಗಿಯ ಉದ್ದ ಅಳೆಯುತ್ತಿದ್ದಳು. ವೆಂಟಿಲೇಟರ್ ಪ್ರತಿ ಉಸಿರಿಗೆ ಎಷ್ಟು ಗಾಳಿ ತುಂಬಬೇಕೆಂಬ ಲೆಕ್ಕ ಅದರಿಂದಲೇ ಬರುವುದು. ಅದಾದ ಮೇಲೆ ಮಂಡಿಯೂರಿ ಅದೇ ಟೇಪಿನ ತುದಿಯನ್ನು ನೆಲಕ್ಕೆ ಒತ್ತಿ ಇನ್ನೊಂದು ಅಳತೆ ತೆಗೆದುಕೊಂಡಳು. ಎದ್ದು, ಫೈಲ್ ತೆರೆದು ಬರೆಯತೊಡಗಿದಳು.

ಮುಖ್ಯಸ್ಥರು ಹಿಂದಿನಿಂದ ಬಗ್ಗಿ ನೋಡಿದರು. “ಇದೇನು ಕೊನೇ ಸಾಲು? ಇದನ್ನೆಲ್ಲ ಬರೆಯೋ ಪದ್ಧತಿ ಇಲ್ಲ.”

“ಹಿಂದಿನ ಎರಡು ಸಲಾನೂ ಬರೆದಿಟ್ಟಿದ್ರೆ, ನೀವು ಆ ಕಾಗದ ಬರೆಯೋ ಶ್ರಮ ತಪ್ತಿತ್ತು ಸಾರ್,” ಎಂದಳು, ತಲೆ ಎತ್ತದೆ.

ಟ್ಯೂಬ್ ಹಾಕಿದವರು: ಎರಡನೆಯ ವರ್ಷದ ತರಬೇತಿ ವೈದ್ಯೆ. ಪ್ರಯತ್ನ: ಒಂದು. ನೆಲದಿಂದ ಹಾಸಿಗೆಯ ಎತ್ತರ: 79 ಸೆಂಟಿಮೀಟರ್.