ಗಾರ್ಡ್ ಸಾಹೇಬರ ಫೋನು

"ಕೊಂದವನೇ ಕಳಿಸ್ತಿರೋದು. ಅನುಮಾನವೇ ಬೇಡ," ಎಂದರು ಮೇಷ್ಟ್ರು.

ಚಹಾದ ತಟ್ಟೆ ಹಿಡಿದಿದ್ದ ಸಿಸ್ಟರ್ ಬಾಗಿಲಲ್ಲೇ ನಿಂತಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಅವಳ ಕಣ್ಣು ಗೋಡೆಯ ಮೊಳೆಗೆ ತೂಗುಹಾಕಿದ್ದ ತನ್ನ ಕೈಚೀಲದ ಕಡೆ ಹೋಯಿತು. ಎಲ್ಲರೂ ಹುಡುಕುತ್ತಿದ್ದ ಫೋನು ಅದರೊಳಗೆ ಒಂದು ಕಾಲುಚೀಲದಲ್ಲಿ ಮಲಗಿತ್ತು.

ಸಿಸ್ಟರ್ ಎನ್ನುವುದು ಜನ ಕೊಟ್ಟ ಹೆಸರು. ಅವಳು ಆಸ್ಪತ್ರೆಯ ನರ್ಸ್ ಅಲ್ಲ. ಮನೆಗಳಲ್ಲಿ ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವವಳು. ಯಾರಿಗೂ ಅಕ್ಕನೂ ಅಲ್ಲ, ತಂಗಿಯೂ ಅಲ್ಲ, ಎಲ್ಲರಿಗೂ ಸಿಸ್ಟರ್. ಈಗ ಮೇಷ್ಟ್ರ ಹೆಂಡತಿಯ ಸ್ನಾನ, ಊಟ, ಮಗ್ಗುಲು ಬದಲಿಸುವುದು ಅವಳ ಪಾಲಿಗೆ. ಅದಕ್ಕೆ ಮುಂಚೆ ಇದೇ ಕಟ್ಟಡದ ಮೇಲಿನ ಮಹಡಿಯಲ್ಲಿ ನಿವೃತ್ತ ರೈಲ್ವೆ ಗಾರ್ಡ್ ಸಾಹೇಬರನ್ನು ನೋಡಿಕೊಂಡಿದ್ದಳು. ಅವರು ಮೆಟ್ಟಿಲ ಮೇಲೆ ಜಾರಿಬಿದ್ದು ತೀರಿಕೊಂಡು ಎಂಟು ತಿಂಗಳಾಗಿತ್ತು.

ಮೊನ್ನೆ ಗಾರ್ಡರ ಅಣ್ಣನ ಮಗ, ಮಾರಿಬಿಡೋಣವೆಂದು ಅವರ ಕಂಪ್ಯೂಟರ್ ತೆರೆದ. ಫೋನಿನ ಮೆಸೇಜುಗಳು ಅದರಲ್ಲೂ ಕಾಣುತ್ತಿದ್ದವು. ಸತ್ತ ಚಿಕ್ಕಪ್ಪನ ನಂಬರಿನಿಂದ ಮೆಸೇಜುಗಳು ಹೋಗುತ್ತಲೇ ಇದ್ದವು, ಬರುತ್ತಲೂ ಇದ್ದವು. ಬೆವತುಹೋಗಿ ಪೊಲೀಸರ ಹತ್ತಿರ ಓಡಿದ. ಅಲ್ಲಿಯವರೆಗೆ ಜಾರಿಬಿದ್ದಿದ್ದ ಗಾರ್ಡರನ್ನು ಅಂದಿನಿಂದ ಯಾರೋ ತಳ್ಳಿದ್ದಾಯಿತು.

ಪೊಲೀಸರು ನಿಧಾನ. ಮೇಷ್ಟ್ರಿಗೆ ಆ ದುರಭ್ಯಾಸವಿರಲಿಲ್ಲ. ಮೆಸೇಜುಗಳನ್ನೆಲ್ಲ ಕಾಗದದ ಮೇಲೆ ಇಳಿಸಿಕೊಂಡು, ಉತ್ತರಪತ್ರಿಕೆ ತಿದ್ದುವ ಕೆಂಪು ಪೆನ್ನು ಹಿಡಿದು ಕೂತಿದ್ದರು. ಎದುರಿಗೆ ಅಣ್ಣನ ಮಗ. ಪಕ್ಕದಲ್ಲಿ ಕೆಳಮಹಡಿಯ ಟೈಲರಮ್ಮ, ಬಾಯಲ್ಲಿ ಇನ್ನೂ ಒಂದು ಗುಂಡುಸೂಜಿ.

"ಈ ಮೆಸೇಜೆಲ್ಲ ಹೋಗಿರೋದು ಯಾರಿಗೆ?" ಟೈಲರಮ್ಮ ಸೂಜಿ ತೆಗೆದು ಕೇಳಿದಳು.

"ಡ್ರೈವರ್‌ಗೆ. ಚಿಕ್ಕಪ್ಪನ ಪ್ರಾಣಸ್ನೇಹಿತ. ಒಂದೇ ಗಾಡೀಲಿ ಅವರು ಇಂಜಿನ್‌ನಲ್ಲಿ, ಇವರು ಕೊನೇ ಡಬ್ಬೀಲಿ. ಇಂಜಿನ್ ಸದ್ದಿಗೆ ಅವರ ಕಿವಿ ಹೋಯ್ತು, ಅದಕ್ಕೇ ಬರೀ ಮೆಸೇಜು. ಚಿಕ್ಕಪ್ಪ ಹೋದಾಗ ತಿಳಿಸೋಣ ಅಂದ್ರೆ ಫೋನೇ ಸಿಗಲಿಲ್ಲ."

"ನೋಡಿ ಇಲ್ಲಿ," ಮೇಷ್ಟ್ರು ಕೆಂಪು ಗೆರೆ ಎಳೆದರು. "ಮುಂಚೆ ದಿನಾ ಚದುರಂಗದ ನಡೆ ಕಳಿಸಿಕೊಳ್ತಿದ್ರು. ಆಮೇಲೆ ಒಂದೂ ಇಲ್ಲ. ಕೊಲೆಗಾರನಿಗೆ ಚದುರಂಗ ಬರಲ್ಲ!"

"ಇಲ್ಲ ಮೇಷ್ಟ್ರೇ, ಆಟ ನಿಂತದ್ದು ಚಿಕ್ಕಪ್ಪ ಇದ್ದಾಗಲೇ. ಕಣ್ಣು ಸೋತಿದೆ, ಆಟ ಸಾಕು ಅಂತ ಡ್ರೈವರೇ ಬರೆದ್ರು."

"ಅದು ಸಣ್ಣ ವಿಷಯ," ಎಂದು ಮೇಷ್ಟ್ರು ಹಾಳೆ ಮಗುಚಿದರು.

ಸಿಸ್ಟರ್‌ಗೆ ಅದು ಸಣ್ಣ ವಿಷಯವಾಗಿರಲಿಲ್ಲ. ಆನೆ ಯಾವುದು ಕುದುರೆ ಯಾವುದು ತಿಳಿಯದವಳು ಆಟ ಮುಂದುವರಿದಿದ್ದರೆ ಮೊದಲ ದಿನವೇ ಸಿಕ್ಕಿಬೀಳುತ್ತಿದ್ದಳು.

"ಹಳೇ ಕಥೆ ಒಂದೂ ಇಲ್ಲ," ಎಂದಳು ಟೈಲರಮ್ಮ. "ಬರೀ ಮಳೆ, ಮೊಣಕಾಲು, ಇವತ್ತು ಉಪ್ಪು ಜಾಸ್ತಿಯಾಯ್ತು. ಹಳೇ ಸ್ನೇಹಿತರು ಹೀಗೆ ಮಾತಾಡ್ತಾರಾ?"

"ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಬರೆದಿದಾನೆ ಖದೀಮ," ಎಂದರು ಮೇಷ್ಟ್ರು.

ಅಣ್ಣನ ಮಗ ಕೊನೆಯ ಹಾಳೆ ಓದಿದ. "ಈಗ ಈ ಕಡೆಯಿಂದ ಉತ್ತರ ನಿಂತಿದೆ. ಪಾಪ, ಆ ಕಡೆಯಿಂದ ಕೇಳ್ತಾನೇ ಇದಾರೆ. 'ಯಾಕೆ ಸುಮ್ಮನಾದೆ? ನನ್ನಿಂದ ಏನಾದ್ರೂ ತಪ್ಪಾಯ್ತಾ?' ಸೋಮವಾರ ಪೊಲೀಸರು ಅವರ ಮನೆಗೇ ಹೋಗ್ತಾರಂತೆ."

ಸಿಸ್ಟರ್ ತಟ್ಟೆ ಇಟ್ಟು ಅಡುಗೆಮನೆಗೆ ಹೋದಳು. ನಲ್ಲಿ ಬಿಟ್ಟು, ಆ ಸದ್ದಿನಲ್ಲಿ ಅತ್ತಳು.

ಗಾರ್ಡರನ್ನು ಆಂಬುಲೆನ್ಸಿಗೆ ಏರಿಸಿದ ದಿನ ಅವರ ಫೋನು ಅವಳ ಜೇಬಿನಲ್ಲೇ ಉಳಿದಿತ್ತು. ಸಂಜೆ ತನ್ನ ಒಂಟಿ ಕೋಣೆಯಲ್ಲಿ ಕೂತಾಗ ಅದು ಮಿನುಗಿತು. 'ಊಟ ಆಯ್ತಾ?' ಅವಳು ಎಷ್ಟು ಜನರ ಬಾಯಿಗೆ ತುತ್ತಿಟ್ಟಿದ್ದಳೋ ಲೆಕ್ಕವಿಲ್ಲ, ಅವಳನ್ನು ಹಾಗೆ ಕೇಳಿದವರು ಯಾರೂ ಇರಲಿಲ್ಲ. 'ಆಯ್ತು. ನಿಂದು?' ಎಂದು ಬರೆದಳು. ನಾಳೆ ನಿಜ ಹೇಳಿದರಾಯಿತು ಅಂದುಕೊಂಡಳು. ಆ ನಾಳೆ ಬರಲೇ ಇಲ್ಲ.

ಡ್ರೈವರ್ ಒಳ್ಳೆಯ ಮನುಷ್ಯ. ತನ್ನ ಸುದ್ದಿಗಿಂತ ಮಗಳ ಸುದ್ದಿಯೇ ಹೆಚ್ಚು. ಫ್ಯಾಕ್ಟರಿಯಲ್ಲಿ ದಿನವಿಡೀ ನಿಂತು ಅವಳ ಕಾಲು ಊದಿದೆ, ಅವಳ ಹುಟ್ಟಿದಹಬ್ಬ ಯಾರಿಗೂ ನೆನಪಿರಲಿಲ್ಲ, ಹೀಗೆ. ಅಂಥ ಅಪ್ಪ ತನಗೂ ಇದ್ದಿದ್ದರೆ ಎಂದು ಸಿಸ್ಟರ್‌ಗೆ ಹೊಟ್ಟೆಕಿಚ್ಚಾಗುತ್ತಿತ್ತು. ಊದಿದ ಕಾಲಿಗೆ ಬಿಸಿನೀರು, ಉಪ್ಪು ಹೇಳಿದ್ದಳು. 'ಕಡಿಮೆಯಾಯ್ತು, ನಿನ್ನ ಕೈ ತಣ್ಣಗಿರಲಿ' ಎಂದು ಉತ್ತರ ಬಂದ ದಿನ ಕೋಣೆಯಲ್ಲಿ ಒಬ್ಬಳೇ ನಕ್ಕಿದ್ದಳು.

ಜೈಲಾದರೆ ಆಗಲಿ. ಆದರೆ ಗೆಳೆಯ ಸತ್ತ ಸುದ್ದಿಯನ್ನು ಆ ಮುದುಕ ಪೊಲೀಸರ ಬಾಯಿಂದ ಕೇಳಬಾರದು. ಬೈಯಲಿ, ಉಗಿಯಲಿ, ತಾನೇ ಹೇಳಬೇಕು. ಅಲ್ಲಿಗೆ ತನ್ನನ್ನು ಕೇಳುವವರು ಯಾರೂ ಉಳಿಯುವುದಿಲ್ಲ ಎಂಬುದೂ ಅವಳಿಗೆ ಗೊತ್ತಿತ್ತು.

ಭಾನುವಾರ ರೈಲು ಹತ್ತಿದಳು. ವಿಳಾಸ ಬಾಯಿಪಾಠವಿತ್ತು. ಗಾರ್ಡರು ಗೆಳೆಯನಿಗೆ ಕಳಿಸುತ್ತಿದ್ದ ಪಾರ್ಸೆಲ್‌ಗಳ ಮೇಲೆ ಅವಳೇ ಅದನ್ನು ಬರೆಯುತ್ತಿದ್ದಳು. ಕಿಟಕಿಯ ಪಕ್ಕ ಕೂತು ದಾರಿಯುದ್ದಕ್ಕೂ ಮಾತು ಜೋಡಿಸಿದಳು. ಯಾವ ಮಾತೂ ನೆಟ್ಟಗೆ ನಿಲ್ಲಲಿಲ್ಲ.

ಇಕ್ಕಟ್ಟಾದ ಮೆಟ್ಟಿಲು, ಬಣ್ಣ ಹೋದ ಬಾಗಿಲು. ಫ್ಯಾಕ್ಟರಿಯ ಸಮವಸ್ತ್ರದಲ್ಲಿದ್ದ ಹೆಂಗಸೊಬ್ಬಳು ಬಾಗಿಲು ತೆರೆದಳು. ತಲೆಗೂದಲು ಅಲ್ಲಲ್ಲಿ ನೆರೆತಿತ್ತು. ಮಗಳೇ ಇರಬೇಕು.

"ನಾನು ಗಾರ್ಡ್ ಸಾಹೇಬರ ಮನೆ ಕಡೆಯಿಂದ ಬಂದಿದೀನಿ," ಎಂದಳು ಸಿಸ್ಟರ್. "ಡ್ರೈವರ್ ಸಾಹೇಬರಿಗೆ ಒಂದು ವಿಷಯ ಹೇಳ್ಬೇಕು."

ಹೆಂಗಸಿನ ಮುಖ ಬಿಳುಚಿತು. ಸಿಸ್ಟರ್ ಹೆಗಲ ಮೇಲಿಂದ ಮೆಟ್ಟಿಲಿನತ್ತ ಇಣುಕಿದಳು. "ಅವರೂ ಬಂದಿದಾರಾ?"

"ಇಲ್ಲ. ನಾನೊಬ್ಬಳೇ."

ಹೆಂಗಸು ಉಸಿರು ಬಿಟ್ಟು, ಅವಳ ಎರಡೂ ಕೈ ಹಿಡಿದುಕೊಂಡಳು.

"ಅಪ್ಪ ತೀರಿಕೊಂಡು ವರ್ಷದ ಮೇಲಾಯ್ತು, ಬರೀತಿರೋದು ನಾನು. ದಮ್ಮಯ್ಯ, ಗಾರ್ಡ್ ಮಾಮನಿಗೆ ಮಾತ್ರ ಹೇಳ್ಬೇಡಿ. ಅವರನ್ನ ಬಿಟ್ರೆ ನನಗೆ ಯಾರೂ ಇಲ್ಲ."