ತಾಲ್ಲೂಕಿಗೊಂದೇ ಗಾಡಿ

ತಾಲ್ಲೂಕಿನಲ್ಲಿ ಒಂದೇ ಆಂಬುಲೆನ್ಸಿಗೆ ಸರ್ಕಾರದ ಅನುದಾನ. ತಪಾಸಣೆಯ ದಿನ ಗಾಡಿ ಓಡುವ ಸ್ಥಿತಿಯಲ್ಲಿರಬೇಕು ಎಂಬುದೇ ಮುಖ್ಯ ಅರ್ಹತೆ. ಅಲ್ಲಿದ್ದದ್ದು ಎರಡೇ ಗಾಡಿ, ಒಂದು ಓಬಳೇಶನದು, ಇನ್ನೊಂದು ತಿಪ್ಪೇಶಿಯದು. ಅನುದಾನ ತಪ್ಪಿದವನ ಗಾಡಿ ಮೂಲೆ ಸೇರುವುದು ಖಂಡಿತವಾಗಿತ್ತು.

ತಪಾಸಣೆಯ ಬೆಳಿಗ್ಗೆ ಓಬಳೇಶ ಕಬ್ಬಿಣದ ರಾಡು ಹಿಡಿದು, ಹೆದ್ದಾರಿಯ ಪಕ್ಕದಲ್ಲಿದ್ದ ತಿಪ್ಪೇಶಿಯ ಶೆಡ್ಡಿಗೆ ನುಗ್ಗಿದ. ಮೊದಲ ಏಟಿಗೇ ಮುಂದಿನ ಗಾಜು ಪುಡಿಯಾಯಿತು. ಆಮೇಲೆ ಬಾನೆಟ್ ಎತ್ತಿ ಎಂಜಿನ್ನಿಗೆ ಮನಸ್ಸಿಗೆ ಬಂದಂತೆ ಬಾರಿಸಿದ. ಅಡ್ಡ ಬಂದ ತಿಪ್ಪೇಶಿಯ ಭುಜಕ್ಕೂ ಒಂದು ಬಿತ್ತು.

“ಅನುದಾನ ಬೇಕೇನಲೇ ನಿಂಗೆ? ಈಗ ತೋರ್ಸು ಹೋಗು ನಿನ್ ಗಾಡೀನ.”

ತಿಪ್ಪೇಶಿ ಸೀಟಿನಡಿಯಿದ್ದ ಮಚ್ಚು ಎಳೆದು ಬೀಸಿದ. ಓಬಳೇಶನ ತೊಡೆ ಸೀಳಿ ರಕ್ತ ಚಿಮ್ಮಿತು.

ರಕ್ತ ಕಂಡದ್ದೇ ತಡ, ತಿಪ್ಪೇಶಿಯ ಕೈಗಳಿಗೆ ತಮ್ಮ ನಿತ್ಯದ ಕೆಲಸ ನೆನಪಾಯಿತು. ಮಚ್ಚು ಬಿಸಾಕಿದವನೇ ಟವೆಲ್ಲು ಮಡಚಿ ಗಾಯದ ಮೇಲಿಟ್ಟು, ಮೈಭಾರವೆಲ್ಲ ಬಿಟ್ಟು ಒತ್ತಿ ಹಿಡಿದ.

“ಅಲ್ಲಾಡ್ಬ್ಯಾಡ ಕಣಣ್ಣ. ರಕ್ತ ನಿಲ್ತಿಲ್ಲ. ಬೇಗ ದೊಡ್ಡಾಸ್ಪತ್ರೆ ಸೇರ್ಬೇಕು.”

“ಹೆದರ್ಬ್ಯಾಡ ಸುಮ್ಕಿರು. ನನ್ ಗಾಡಿ ಐತಲ್ಲ,” ಎಂದ ಓಬಳೇಶ, ತನ್ನ ಡ್ರೈವರಿಗೆ ಫೋನ್ ಮಾಡಿ ಸ್ಪೀಕರಿಗೆ ಹಾಕಿದ.

“ಅಣ್ಣ, ನಾನೇ ಮಾಡಾನ ಅಂತಿದ್ದೆ,” ಎಂದ ಡ್ರೈವರ್. “ಯಾರೋ ನಮ್ ಗಾಡಿ ಅಷ್ಟೂ ಟೈರು ಮಚ್ಚಲ್ಲಿ ಕೊಚ್ಚಾಕವ್ರೆ.”

ಗಾಯ ಒತ್ತಿ ಹಿಡಿದಿದ್ದ ತಿಪ್ಪೇಶಿ ತಲೆ ಎತ್ತಲಿಲ್ಲ.