ಒಂದೂವರೆ ಇಂಚು

ಹಳೆಯ ಟೈಲ್ಸ್ ಒಡೆಯದೆ ಅದರ ಮೇಲೆಯೇ ಹೊಸದನ್ನು ಹಾಕಿಸಿದ್ದರಿಂದ ಟಾಯ್ಲೆಟ್ಟಿನ ನೆಲ ಎತ್ತರವಾಗಿತ್ತು. ಕಮೋಡ್ ಕೂರಿಸಲು ಬಂದ ಪ್ಲಂಬರ್ ಟೇಪು ಹಿಡಿದು ಅಳೆದ.

“ಪೈಪಿನ ಬಾಯಿಗೆ ಕೂರಿಸಿರೋ ಫ್ಲ್ಯಾಂಜು ಒಂದೂವರೆ ಇಂಚು ಕೆಳಗುಳಿದಿದೆ ಸಾರ್. ಬೋಲ್ಟ್ ಹಿಡಿಯಲ್ಲ. ಎತ್ತರಿಸೋ ರಿಂಗು ಬರೋದು ಸೋಮವಾರ.”

“ನಾಳೆ ಭಾನುವಾರ ಮಗಳನ್ನ ನೋಡೋಕೆ ಬರ್ತಿದಾರಪ್ಪ! ಈಗಾಗಲೇ ಮೂರು ಸಂಬಂಧ ತಪ್ಪಿದೆ. ಹೇಗಾದ್ರೂ ನಿಲ್ಲಿಸು.”

“ನಿಲ್ಲಿಸ್ತೀನಿ. ಆದ್ರೆ ಕೂತ್ರೆ ಅಲ್ಲಾಡುತ್ತೆ. ಬಂದೋರಿಗೆ ಸ್ವಲ್ಪ ಹುಷಾರಾಗಿ ಕೂರೋಕೆ ಹೇಳಿ.”

“ಬೀಗರಾಗೋರಿಗೆ ಹಾಗಂತ ಹೇಳೋಕಾಗುತ್ತೇನಯ್ಯ?”

ಮರುದಿನ ಹುಡುಗನ ಕಡೆಯವರು ಬಂದರು. ಯಾರಿಗೂ ಎರಡನೇ ಲೋಟ ಕಾಫಿ ಕೊಡಬೇಡ ಎಂದು ಹುಡುಗಿಯ ತಂದೆ ಹೆಂಡತಿಗೆ ಮೊದಲೇ ಹೇಳಿದ್ದರು. ಆದರೂ ಉಪ್ಪಿಟ್ಟು ಮುಗಿಯುತ್ತಿದ್ದಂತೆ ಹುಡುಗನ ತಂದೆ ಎದ್ದು, “ಬಾತ್‌ರೂಮ್ ಎಲ್ಲಿ?” ಎಂದರು.

ಬಾಗಿಲು ಮುಚ್ಚಿತು. ಒಳಗಿನಿಂದ ‘ಟಕ್’ ಎಂಬ ಸದ್ದು ಬಂತು. ಸ್ವಲ್ಪ ಹೊತ್ತಿಗೆ ಮತ್ತೊಂದು ‘ಟಕ್’. ಆಮೇಲೆ ಏಳು ನಿಮಿಷ ಏನೂ ಕೇಳಿಸಲಿಲ್ಲ. ಹುಡುಗಿಯ ತಂದೆ ಗಡಿಯಾರ ನೋಡುತ್ತಾ ಕುಳಿತರು.

ಹುಡುಗನ ತಂದೆ ಕೈ ಒರೆಸಿಕೊಳ್ಳುತ್ತಾ ಹೊರಬಂದು, ಹೆಂಡತಿಯ ಕಿವಿಯಲ್ಲಿ ಏನೋ ಹೇಳಿದರು. ಆಕೆ, “ಹೌದಾ?” ಎಂದು ಟಾಯ್ಲೆಟ್ ಕಡೆ ತಿರುಗಿ ನೋಡಿದರು.

“ತಪ್ಪಾಯ್ತು, ಕ್ಷಮಿಸಬೇಕು,” ಎಂದರು ಹುಡುಗಿಯ ತಂದೆ ಎದ್ದು ನಿಂತು. “ನಾಳೆನೇ ಸರಿ ಮಾಡಿಸ್ತೀನಿ.”

“ಬೇಡ, ಮದುವೆವರೆಗೂ ಹಾಗೇ ಇರಲಿ,” ಎಂದರು ಹುಡುಗನ ತಂದೆ. “ನಮ್ಮನೇದೂ ಹಿಂಗೇ ಅಲ್ಲಾಡುತ್ತೆ, ಹುಡುಗಿಗೆ ಇಲ್ಲೇ ರೂಢಿಯಾಗ್ಲಿ.”